ಈ ಮೈ ಕಟ್ಟಿದ ಮೇಸ್ತ್ರಿ ಯಾರು?

ಶೂ ಲೇಸ್ ಕಟ್ಟಲು ಬಗ್ಗಿದ ಸೀನ ಮತ್ತೆ ಏಳಲಿಲ್ಲ. ಅಂದರೆ, ಅರ್ಧ ಎದ್ದ. ಅಲ್ಲೇ ಸೊಂಟ ಹಿಡಿದುಕೊಂಡು, ನೆಲದ ಮೇಲೆ ಏನೋ ಹುಡುಕುವವನ ಹಾಗೆ ನಿಂತ.

“ಭಾರ ಎತ್ತಿದ್ದರೆ ಬೇರೆ ಮಾತು. ನಾನು ಎತ್ತಿದ್ದು ದಾರದ ತುದಿ! ಈ ಮೈ ಕಟ್ಟಿದ ಮೇಸ್ತ್ರಿ ಸಿಕ್ಕರೆ ನಾಲ್ಕು ಮಾತು ಕೇಳಬೇಕು.”

“ಮೇಸ್ತ್ರಿನೇ ಇಲ್ಲ ಕಣೋ, ಅದೇ ತೊಂದರೆ,” ಎಂದಳು ಪದ್ಮಾ. ಅವಳು ಜೀವಶಾಸ್ತ್ರ ಕಲಿಸುವವಳು. ನಮ್ಮ ನೋವೆಲ್ಲ ಅವಳಿಗೆ ಪಾಠ. “ನಾಲ್ಕು ಕಾಲಿನ ಪ್ರಾಣಿಗೆ ಬೆನ್ನುಮೂಳೆ ಅಡ್ಡ ತೊಲೆ. ನಮ್ಮ ಪೂರ್ವಜರು ಎದ್ದು ನಿಂತರು. ಹೊಸ ಕಂಬ ಯಾರು ಕೊಡ್ತಾರೆ? ಅದೇ ತೊಲೆಯನ್ನು ನಿಲ್ಲಿಸಿದ್ದಾಯಿತು. ಮೇಲಿನ ಭಾರ ಕಾಲಿನ ನೇರಕ್ಕೆ ಬರಲಿ ಅಂತ ಸೊಂಟದ ಹತ್ತಿರ ಒಳಕ್ಕೆ ಬಾಗಿಸಿದ್ದಾಯಿತು. ಈಗ ನಿನ್ನ ಕೈ ಇರೋದು ಅದೇ ಜಾಗದಲ್ಲಿ.”

“ಎದ್ದು ನಿಂತು ಎಷ್ಟು ದಿನ ಆಯ್ತು?”

“40 ಲಕ್ಷ ವರ್ಷಕ್ಕಿಂತ ಜಾಸ್ತಿ.”

“ಇನ್ನೂ ಅಭ್ಯಾಸ ಆಗಿಲ್ವಾ?”

ಗಿರಿಗೆ ತಡೆಯಲಾಗಲಿಲ್ಲ. ಅವನು ಎಂಜಿನಿಯರ್. ಯಂತ್ರ ಯಾವುದೇ ಇರಲಿ, ಅದರ ಪರ ವಕಾಲತ್ತು ಅವನದೇ. “ಸುಮ್ನೆ ದೂರಬೇಡ. ಮುರಿದ ಮೂಳೆ ತಾನೇ ಕೂಡಿಕೊಳ್ಳುತ್ತೆ. ಯಾವ ಯಂತ್ರ ಹಾಗೆ ಮಾಡುತ್ತೆ, ತೋರಿಸು. ಮೈತುಂಬ ಲಕ್ಷಗಟ್ಟಲೆ ಬೆವರಿನ ಗ್ರಂಥಿ. ಮನುಷ್ಯ ಬಿಸಿಲಲ್ಲಿ ಗಂಟೆಗಟ್ಟಲೆ ಓಡಬಲ್ಲ!”

“ಯಾರು, ನಾನಾ?” ಎಂದ ಸೀನ, ಬಗ್ಗಿಕೊಂಡೇ.

“ಹಾಗಾದರೆ ಗಂಟಲಿನ ನರದ ಲೆಕ್ಕ ಹೇಳು,” ಎಂದಳು ಪದ್ಮಾ. “ಮಿದುಳಿನಿಂದ ಧ್ವನಿಪೆಟ್ಟಿಗೆಗೆ ಗೇಣುದ್ದ ದಾರಿ. ಎಡಗಡೆಯ ನರ ನೇರ ಹೋಗಲ್ಲ. ಎದೆಗೆ ಇಳಿದು, ಹೃದಯದ ಮೇಲಿನ ದೊಡ್ಡ ರಕ್ತನಾಳಕ್ಕೆ ಸುತ್ತು ಹಾಕಿ, ಮತ್ತೆ ಕತ್ತು ಹತ್ತುತ್ತೆ. ಮೀನಿಗೆ ಕತ್ತಿಲ್ಲ, ಅದರಲ್ಲಿ ಈ ನರಕ್ಕೆ ನೇರ ದಾರಿಯೇ. ಮುಂದೆ ಕತ್ತು ಬೆಳೀತು, ಹೃದಯ ಕೆಳಗಿಳೀತು. ನರ ಮಾತ್ರ ರಕ್ತನಾಳದ ಕೆಳಗೆ ಸಿಕ್ಕಿಕೊಂಡು ಎಳೆದುಕೊಂಡು ಹೋಯಿತು. ಜಿರಾಫೆಯಲ್ಲಿ ಈ ಸುತ್ತು 4 ಮೀಟರ್‌ಗಿಂತ ಉದ್ದ.”

ಪಕ್ಕದ ಮೇಜಿಗೆ ಹೋಗಬೇಕಾದ ಫೈಲು ಇಡೀ ಕಚೇರಿ ಸುತ್ತಿ ಬರುವುದು ಗೊತ್ತಿತ್ತು. ನಮ್ಮ ಗಂಟಲಲ್ಲೂ ಅದೇ ಆಡಳಿತ ಅಂತ ಗೊತ್ತಿರಲಿಲ್ಲ.

“ಒಂದ್ಸಲ ಕತ್ತರಿಸಿ ನೇರ ಜೋಡಿಸಿದ್ರೆ ಮುಗೀತಿತ್ತಲ್ಲ?” ಎಂದ ಗಿರಿ.

“ಜೋಡಿಸೋವರೆಗೆ ಆ ಪ್ರಾಣಿ ಬದುಕಬೇಕಲ್ಲ ಮಾರಾಯ? ಅಂಗಡಿ ಮುಚ್ಚಿ ರಿಪೇರಿ ಮಾಡೋಕೆ ಜೀವವಿಕಾಸಕ್ಕೆ ಒಂದು ದಿನವೂ ರಜೆ ಇಲ್ಲ. ಇದ್ದದ್ದಕ್ಕೇ ತೇಪೆ. ಫ್ರಾನ್ಸಿನ ಜೀವವಿಜ್ಞಾನಿ ಫ್ರಾಂಸ್ವಾ ಜಾಕೋಬ್ 1977ರಲ್ಲೇ ಬರೆದಿದ್ದಾರೆ, ವಿಕಾಸ ಎಂಜಿನಿಯರ್ ಅಲ್ಲ, ಕೈಗೆ ಸಿಕ್ಕಿದ್ದರಲ್ಲೇ ಹೊಂದಿಸಿಕೊಳ್ಳುವವನು ಅಂತ.”

‘ಎಂಜಿನಿಯರ್ ಅಲ್ಲ’ ಎಂಬ ಮಾತು ಗಿರಿಗೆ ಚುಚ್ಚಿತು. ನಡುವೆ ನಾನು ನನ್ನ ಬುದ್ಧಿಹಲ್ಲಿನ ಕಥೆ ತೆಗೆದೆ. ಅಡ್ಡ ಮಲಗಿ ಪಕ್ಕದ ಹಲ್ಲನ್ನು ಒದೆಯುತ್ತಿದ್ದ ಹಲ್ಲು ಅದು. ಯಾರೂ ಕೇಳಲಿಲ್ಲ.

“ಕಣ್ಣಿಗೇನು ಕೊರತೆ, ಅದನ್ನು ಹೇಳು,” ಎಂದ ಗಿರಿ.

ಪದ್ಮಾ ಕಾಗದದ ಮೇಲೆ ಎಡಕ್ಕೊಂದು ಕೂಡಿಸುವ ಗುರುತು, ಅದರಿಂದ 8 ಸೆಂ.ಮೀ. ಬಲಕ್ಕೆ ಒಂದು ಚುಕ್ಕಿ ಹಾಕಿಕೊಟ್ಟಳು. ಎಡಗಣ್ಣು ಮುಚ್ಚಿ, ಗುರುತನ್ನೇ ನೋಡುತ್ತ ಕಾಗದವನ್ನು ಮೆಲ್ಲಗೆ ಹಿಂದೆ ಮುಂದೆ ಮಾಡಿದೆ. ಸುಮಾರು ಒಂದು ಅಡಿ ದೂರದಲ್ಲಿ ಚುಕ್ಕಿ ಮಾಯ! ತೂತೂ ಕಾಣಲಿಲ್ಲ. ಮಿದುಳು ಬಿಳಿ ಬಳಿದು ಮುಚ್ಚಿಬಿಟ್ಟಿತ್ತು.

“ಕಣ್ಣಿನ ಪರದೆಯ ನರದ ತಂತಿಗಳೆಲ್ಲ ಬೆಳಕು ಬರೋ ಕಡೆಗೇ ಇವೆ. ಹೊರಗೆ ಹೋಗೋಕೆ ಪರದೆಗೇ ತೂತು. ಆ ಜಾಗ ಕುರುಡು. ಆಕ್ಟೋಪಸ್‌ಗೆ ತಂತಿ ಹಿಂದುಗಡೆ, ಅದಕ್ಕೆ ಈ ರಗಳೆ ಇಲ್ಲ.”

“ಅದಕ್ಕೇ ಅಲ್ವಾ ಎರಡು ಕಣ್ಣು ಇರೋದು!” ಗಿರಿ ಎದ್ದು ನಿಂತ. ಒಂದರ ಕುರುಡನ್ನು ಇನ್ನೊಂದು ಹೇಗೆ ತುಂಬುತ್ತೆ ಅಂತ ಶುರು ಮಾಡಿದವನು ಹೃದಯ, ಯಕೃತ್ತು ದಾಟಿ ಹೆಬ್ಬೆರಳಿಗೆ ಬಂದ.

ಅಷ್ಟರಲ್ಲಿ ಸೀನ ಹೇಗೋ ಎದುರಿನ ಗೋಡೆಗೆ ಒರಗಿದ್ದ. ಹತ್ತಡಿ ದೂರ. ಎಡಗಣ್ಣು ಮುಚ್ಚಿ, ಗಿರಿಯ ಎಡಪಕ್ಕಕ್ಕೆ, ಬಲಪಕ್ಕಕ್ಕೆ ದೃಷ್ಟಿ ಸರಿಸುತ್ತಿದ್ದ.

“ಸಿಕ್ತು! ಗಿರಿಯ ತಲೆ ಪೂರ್ತಿ ಮಾಯ!” ಎಂದ. ಆಮೇಲೆ ಸಪ್ಪೆ ಮುಖ ಮಾಡಿದ. “ಪದ್ಮಾ, ಕಿವಿಗೆ ಇಂಥದ್ದೊಂದು ತೂತು ಇಲ್ವೇನೇ?”