ಸ್ಯಾನ್ ಹೊಸೆಗೆ ಹೋದ ಮೇಲೆ ಪ್ಯಾರಾಲೀಗಲ್ ಸರ್ಟಿಫಿಕೇಟ್: ಹಾಕಿದ ದುಡ್ಡು ಹುಟ್ಟುತ್ತಾ?

ಬಸವನಗುಡಿ_ಎಸ್

ಬೆಂಗಳೂರು ವಿವಿಯ ಬಿಕಾಂ, 2014ರಲ್ಲಿ ಮುಗಿದದ್ದು, ಮೂರು ವರ್ಷದ್ದು. ಗಾಂಧಿನಗರದ ವಕೀಲರ ಆಫೀಸಲ್ಲಿ ಐದು ವರ್ಷದಿಂದ ಕ್ರಯಪತ್ರದ ಕರಡು, ಇಸಿ (ಆಸ್ತಿಯ ಋಣಭಾರ ಪತ್ರ) ತೆಗೆಸೋದು, ಟೈಟಲ್ ನೋಡೋಕೆ ದಾಖಲೆ ಜೋಡಿಸೋದು ನನ್ನ ಕೆಲಸ. ಯಜಮಾನರು ಎಚ್-1ಬಿ ಕೆಲಸದ ವೀಸಾ ಮೇಲೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿದ್ದಾರೆ, ಐ-140 (ಗ್ರೀನ್ ಕಾರ್ಡಿಗೆ ಕಂಪನಿ ಹಾಕೋ ಅರ್ಜಿ) ಇನ್ನೂ ಆಗಿಲ್ಲ. ಈ ವರ್ಷ ನಾನೂ ಅವರ ಅವಲಂಬಿತಳಾಗಿ ಎಚ್-4 ವೀಸಾ ಮೇಲೆ ಹೋಗ್ತೀನಿ, ಮಗುಗೆ ಎರಡು ವರ್ಷ. ಅಲ್ಲಿನ ಕಮ್ಯುನಿಟಿ ಕಾಲೇಜಲ್ಲಿ ಪ್ಯಾರಾಲೀಗಲ್ (ವಕೀಲರ ಕೈಕೆಳಗೆ ಕಾನೂನು ಕೆಲಸ ಮಾಡೋ ಸಹಾಯಕರು) ಸರ್ಟಿಫಿಕೇಟ್ ಮಾಡಿದರೆ ಒಟ್ಟು ಖರ್ಚೆಷ್ಟು, ಕೈಗೆಷ್ಟು ಬರುತ್ತೆ? ಇಲ್ಲಿನ ಐದು ವರ್ಷದ ಅನುಭವ ಲೆಕ್ಕಕ್ಕೆ ಬರುತ್ತಾ?

ಕಲಂ_6450

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಬರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಯಾರು ಬೇಕಾದರೂ ‘ಪ್ಯಾರಾಲೀಗಲ್’ ಅಂತ ಹೆಸರು ಹಾಕಿಕೊಳ್ಳುವ ಹಾಗಿಲ್ಲ. ಅಲ್ಲಿನ ಬಿಸಿನೆಸ್ ಅಂಡ್ ಪ್ರೊಫೆಷನ್ಸ್ ಕೋಡ್‌ನ 6450ನೇ ಕಲಂ ಅದಕ್ಕೆ ಅರ್ಹತೆ ಗೊತ್ತುಮಾಡಿದೆ. ಎಬಿಎ, ಅಂದರೆ ಅಮೆರಿಕನ್ ಬಾರ್ ಅಸೋಸಿಯೇಷನ್ ಒಪ್ಪಿದ ಕೋರ್ಸಿನ ಸರ್ಟಿಫಿಕೇಟ್ ಇರಬೇಕು. ಇಲ್ಲವೇ ಮಾನ್ಯತೆ ಇರುವ ಸಂಸ್ಥೆಯಲ್ಲಿ ಕಾನೂನು ವಿಷಯಗಳಲ್ಲೇ ಕನಿಷ್ಠ 24 ಸೆಮಿಸ್ಟರ್ ಯೂನಿಟ್ (ಕ್ರೆಡಿಟ್) ಬೇಡುವ ಕೋರ್ಸು ಮುಗಿಸಿರಬೇಕು.

ಮೂರನೆಯ ದಾರಿಯೊಂದಿದೆ, ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಯಾವುದೇ ವಿಷಯದ ಪದವಿ, ಜೊತೆಗೆ ವಕೀಲರ ಕೈಕೆಳಗೆ ಒಂದು ವರ್ಷದ ಕಾನೂನು ಕೆಲಸ, ಆಮೇಲೆ ‘ಈಕೆ ಈ ಕೆಲಸಕ್ಕೆ ಅರ್ಹರು’ ಎಂದು ಆ ವಕೀಲರ ಲಿಖಿತ ಹೇಳಿಕೆ. ಆ ವಕೀಲರು ಕನಿಷ್ಠ ಹಿಂದಿನ ಮೂರು ವರ್ಷದಿಂದ ಕ್ಯಾಲಿಫೋರ್ನಿಯಾ ಬಾರ್‌ನ ಸಕ್ರಿಯ ಸದಸ್ಯರಾಗಿರಬೇಕು, ಅಥವಾ ಅಷ್ಟೇ ಕಾಲ ಆ ರಾಜ್ಯದ ಫೆಡರಲ್ ಕೋರ್ಟುಗಳಲ್ಲಿ ವಕೀಲಿಕೆ ಮಾಡಿರಬೇಕು. ಗಾಂಧಿನಗರದ ಅನುಭವ ಸಿಕ್ಕಿಬೀಳುವುದು ಇಲ್ಲೇ. ರೆಸ್ಯೂಮೆಗೆ ತೂಕ ಕೊಡುತ್ತದೆ, ಕಲಂಗೆ ಸಾಲುವುದಿಲ್ಲ. ಆದರೆ ಅಲ್ಲಿ ಲೀಗಲ್ ಸೆಕ್ರೆಟರಿ ಅಥವಾ ಫೈಲ್ ಕ್ಲರ್ಕ್ ಆಗಿ ಸೇರಲು ಸರ್ಟಿಫಿಕೇಟ್ ಬೇಕಿಲ್ಲ. ಹಾಗೆ ಒಂದು ವರ್ಷ ದುಡಿದರೆ ಕೋರ್ಸಿನ ಖರ್ಚೇ ಇಲ್ಲದೆ ಅರ್ಹತೆ ಬರಬಹುದು. ಪದವಿ ಪೂರ್ತಿ ಪದವಿಯೆಂದು ಗಣನೆಗೆ ಬಂದರೆ ಮಾತ್ರ.

ಯೂನಿಟ್_ಲೆಕ್ಕ

ಫೀಸಿನ ಮಾತಿಗೆ ಬರ್ತೀನಿ. ಕ್ಯಾಲಿಫೋರ್ನಿಯಾ ಕಮ್ಯುನಿಟಿ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್, 2012ರಿಂದ ಅಷ್ಟೇ ಇದೆ. 30 ಯೂನಿಟ್ ಹಿಡಿದರೆ 1,380. ಡಿ ಆಂಜಾ, ಫುಟ್‌ಹಿಲ್‌ನಂಥ ಕ್ವಾರ್ಟರ್ ಪದ್ಧತಿಯ ಕಾಲೇಜಲ್ಲಿ ಯೂನಿಟ್‌ಗೆ 31, ಆದರೆ ಅಲ್ಲಿನ ಯೂನಿಟ್ ಚಿಕ್ಕದು: 24 ಸೆಮಿಸ್ಟರ್ ಯೂನಿಟ್ ಅಂದರೆ 36 ಕ್ವಾರ್ಟರ್ ಯೂನಿಟ್. 31 ನೋಡಿ ಅಗ್ಗ ಅಂದ್ಕೋಬೇಡಿ. ಪುಸ್ತಕ, ಪಾರ್ಕಿಂಗ್, ಹೆಲ್ತ್ ಫೀ ಎಲ್ಲಾ ಸೇರಿ 3,000 ಡಾಲರ್ ಎತ್ತಿಟ್ಟರೆ ನಡೆಯುತ್ತೆ.

ಇದು ನಿವಾಸಿಗಳ ದರ. ಹೊರಗಿನವರಿಗೆ ಅದರ ಮೇಲೆ ಇನ್ನೂ ಕೆಲವು ನೂರು ಡಾಲರ್ ಬೀಳುತ್ತೆ. ಒಟ್ಟು ಯೂನಿಟ್‌ಗೆ 400 ಅಂತ ಹಿಡಿದರೆ ಅದೇ 30 ಯೂನಿಟ್‌ಗೆ 12,000. ಎಚ್-4 ಇರುವವರು ನಿವಾಸಿ ದರ ಪಡೀಬಹುದು, ಎಫ್-1 ವಿದ್ಯಾರ್ಥಿ ವೀಸಾಗೆ ಆ ಅವಕಾಶ ಇಲ್ಲ. ಷರತ್ತು: ಟರ್ಮ್ ಶುರುವಾಗುವ ಹೊತ್ತಿಗೆ ಅಲ್ಲಿ ಒಂದು ವರ್ಷ ಪೂರ್ತಿ ವಾಸ ಆಗಿರಬೇಕು, ಅಲ್ಲೇ ನೆಲೆಸೋ ಉದ್ದೇಶಕ್ಕೆ ದಾಖಲೆ ಇರಬೇಕು. ಡ್ರೈವಿಂಗ್ ಲೈಸೆನ್ಸ್, ರಾಜ್ಯದ ಟ್ಯಾಕ್ಸ್ ರಿಟರ್ನ್, ಬಾಡಿಗೆ ಕರಾರು. ಕರಾರಿನಲ್ಲಿ ಯಜಮಾನರ ಹೆಸರೊಂದೇ ಇದ್ದು ತಗಲಾಕಿಕೊಳ್ಳೋರು ಜಾಸ್ತಿ. ಅಲ್ಲಿ ಇಳಿದ ವಾರವೇ ನಿಮ್ಮ ಹೆಸರನ್ನೂ ಸೇರಿಸಿಸಿ.

ದಿನಾಂಕವೂ ಮುಖ್ಯ. ಸೆಮಿಸ್ಟರ್ ಕಾಲೇಜುಗಳು ಶುರುವಾಗೋದು ಆಗಸ್ಟ್ ಕೊನೆಗೆ. ಗೌರಿ ಹಬ್ಬ ಮುಗಿಸಿಕೊಂಡು ಸೆಪ್ಟೆಂಬರಲ್ಲಿ ಹೊರಟರೆ ಮುಂದಿನ ಆಗಸ್ಟಿಗೆ ವರ್ಷ ತುಂಬಿರಲ್ಲ, ಮತ್ತೆ ಜನವರಿವರೆಗೆ ಕಾಯಬೇಕು. ಆಗಸ್ಟ್ ಮೊದಲ ವಾರದೊಳಗೆ ಇಳಿದರೆ ಒಂದು ಟರ್ಮ್ ಉಳಿಯುತ್ತೆ.

ನಿವ್ವಳ

ಖರ್ಚಿನ ಲೆಕ್ಕ ಸರಿ. ಆದರೆ ಇಲ್ಲಿ ತಕ್ಕಡಿ ತೂಗುವುದು ಫೀಸಲ್ಲ, ಇಎಡಿ, ಅಂದರೆ ಅಲ್ಲಿ ದುಡಿಯಲು ಬೇಕಾದ ಪರವಾನಗಿ. ಯಜಮಾನರ ಐ-140 ಮಂಜೂರಾಗದೆ (ಅಥವಾ ಎಚ್-1ಬಿ ಆರು ವರ್ಷ ದಾಟಿ ವಿಸ್ತರಣೆಯಾಗದೆ) ಎಚ್-4 ಇಎಡಿ ಸಿಗುವುದಿಲ್ಲ. ಇಎಡಿ ಇಲ್ಲದೆ ಓದಬಹುದು, ದುಡಿಯುವಂತಿಲ್ಲ. ಆದ್ದರಿಂದ ‘ಕಲಂ_6450’ ಹೇಳಿದ ಮೂರನೆಯ ದಾರಿಯೂ ಸದ್ಯಕ್ಕೆ ಮುಚ್ಚಿದೆ. ಈಗ ನಿವಾಸಿ ದರಕ್ಕೆ ಒಂದು ವರ್ಷ ಕಾದರೆ ನೀವು ಕಳೆದುಕೊಳ್ಳುವುದು ಏನೂ ಇಲ್ಲ, ಉಳಿಯುವುದು 10,000 ಡಾಲರ್. ಇಎಡಿ ಕೈಯಲ್ಲಿದ್ದರೆ ಲೆಕ್ಕ ತಲೆಕೆಳಗು: 10,000 ಉಳಿಸಲು ಒಂದು ವರ್ಷದ ಸಂಬಳ ಬಿಟ್ಟ ಹಾಗೆ.

ಸಂಬಳ: ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಮೇ 2024ಕ್ಕೆ ಕೊಟ್ಟ ಮಧ್ಯಮ ಸಂಬಳ ವರ್ಷಕ್ಕೆ 61,010 ಡಾಲರ್. ಅದು ಇಡೀ ದೇಶದ, ಹಳಬರೂ ಸೇರಿದ ಅಂಕಿ, ಹೊಸಬರು ಅದನ್ನು ಹಿಡಿದು ಕೂರಬಾರದು. ಗಂಟೆಗೆ 22 ಡಾಲರ್ ಎಂದಿಟ್ಟುಕೊಳ್ಳಿ, 2,080 ಗಂಟೆಗೆ 45,760. ಇದನ್ನು ರೂಪಾಯಿಗೆ ಗುಣಿಸಿ ಖುಷಿಪಡಬೇಡಿ, ನಿಮ್ಮ ಖರ್ಚೂ ಡಾಲರಿನಲ್ಲೇ. ಗಂಡ ಹೆಂಡತಿ ಜಂಟಿ ರಿಟರ್ನ್ ಹಾಕಿದಾಗ ನಿಮ್ಮ ದುಡಿಮೆ ಅವರ ಸಂಬಳದ ನೆತ್ತಿಯ ಮೇಲೆ ಕೂರುತ್ತದೆ. ಅವರಿಗೆ 1,70,000 ಇದ್ದರೆ ನಿಮ್ಮ ಮೊದಲ ಡಾಲರಿಗೇ ಫೆಡರಲ್ 22 ಶೇಕಡಾ, ರಾಜ್ಯದ್ದು 9.3, ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ 7.65, ರಾಜ್ಯದ ಡಿಸೆಬಿಲಿಟಿ ವಿಮೆ ಒಂದು ಚಿಲ್ಲರೆ. ನೂರಕ್ಕೆ 40 ಹೋಗಿ ಕೈಗೆ ಬರುವುದು 27,000 ಚಿಲ್ಲರೆ. ಮಗುವಿನ ಡೇಕೇರ್ ತಿಂಗಳಿಗೆ 2,000 ಆದರೆ ವರ್ಷಕ್ಕೆ 24,000. ಮಿಕ್ಕಿದ್ದು ಪೆಟ್ರೋಲಿಗೆ. ಮಗು ಕಿಂಡರ್‌ಗಾರ್ಟನ್ ಸೇರಿದ ವರ್ಷದಿಂದ ಇದೇ ಕೆಲಸ ನಿಜವಾದ ಆದಾಯ ಆಗುತ್ತದೆ.

ಬಸವನಗುಡಿ_ಎಸ್

ಅಂದರೆ ಕಾಯೋದೇ ಲಾಭ. ಹಾಗಾದರೆ ಇಲ್ಲಿಂದಲೇ ಆನ್‌ಲೈನಲ್ಲಿ ಮಾಡೋದು ಹೇಗೆ? ಆರು ವಾರಕ್ಕೆ ಸರ್ಟಿಫಿಕೇಟ್ ಅಂತ ಜಾಹೀರಾತು ಬರ್ತಿದೆ.

ಕಲಂ_6450

ಆರು ವಾರದಲ್ಲಿ 24 ಯೂನಿಟ್ ಮುಗಿಯುವುದಿಲ್ಲ ಮೇಡಂ, ಆ ಹಣ ಬಿಡಿ. ‘ಸರ್ಟಿಫಿಕೇಟ್ ಇದೆ’ ಅನ್ನುವುದೂ ‘ಸರ್ಟಿಫೈಡ್’ ಅನ್ನುವುದೂ ಬೇರೆ ಬೇರೆ. ಎರಡನೆಯದಕ್ಕೆ ನಾಲಾದಂಥ (NALA, ಪ್ಯಾರಾಲೀಗಲ್‌ಗಳ ಸಂಘ) ಸಂಸ್ಥೆಯ ಪರೀಕ್ಷೆ ಪಾಸಾಗಬೇಕು. ಜಾಹೀರಾತುಗಳು ಇವೆರಡನ್ನೂ ಬೇಕೆಂದೇ ಕಲಸುತ್ತವೆ. ನಿಮ್ಮ ಹತ್ತಿರದಲ್ಲೇ ಸರಟೋಗಾದ ವೆಸ್ಟ್ ವ್ಯಾಲಿ ಕಾಲೇಜಿನಲ್ಲಿ ಎಬಿಎ ಒಪ್ಪಿದ ಕೋರ್ಸು ಇದೆ, ಅದರ ಪ್ರವೇಶದ ಷರತ್ತು ಈಗಲೇ ಓದಿಡಿ.

ಬೆಂಗಳೂರು ಬಿಡುವ ಮುಂಚೆ ಮಾಡಬೇಕಾದ್ದು ಬೇರೆ. ಜ್ಞಾನಭಾರತಿಗೆ ಹೋಗಿ ಟ್ರಾನ್ಸ್‌ಕ್ರಿಪ್ಟ್‌ಗೆ ಅರ್ಜಿ ಹಾಕಿ. ವಿವಿ ಒಡೆದು ಮೂರಾದದ್ದು 2017ರಲ್ಲಿ, ನಿಮ್ಮದು 2014, ಹಾಗಾಗಿ ಹಳೆಯ ಕ್ಯಾಂಪಸ್ಸೇ. ಮೂರ್ನಾಲ್ಕು ಪ್ರತಿ, ಒಂದೊಂದೂ ಪ್ರತ್ಯೇಕ ಲಕೋಟೆಯಲ್ಲಿ, ಅಂಟಿಸಿದ ಜಾಗದ ಮೇಲೆ ವಿವಿ ಸೀಲು ಬೀಳಬೇಕು. ಒಡೆದ ಲಕೋಟೆಗೆ ಬೆಲೆಯಿಲ್ಲ, ಕುತೂಹಲಕ್ಕೂ ತೆರೆಯಬೇಡಿ.

ನಿಮ್ಮ ಪದವಿ ಅಮೆರಿಕದ ಯಾವ ಓದಿಗೆ ಸಮ ಎಂದು ಹೇಳುವ ಏಜೆನ್ಸಿಗಳಿವೆ, ಮೌಲ್ಯಮಾಪನಕ್ಕೆ ಅಲ್ಲಿಗೆ ಕಳಿಸುವಾಗ ಎಚ್ಚರ. ಮೂರು ವರ್ಷದ ಬಿಕಾಂ ಅನ್ನು ಕೆಲವು ಏಜೆನ್ಸಿಗಳು ಪೂರ್ಣ ಪದವಿ ಎನ್ನುತ್ತವೆ, ಕೆಲವು ‘ಮೂರು ವರ್ಷದ ಕಾಲೇಜು ಓದು’ ಎಂದು ಬರೆದು ಕೈತೊಳೆದುಕೊಳ್ಳುತ್ತವೆ. ಹಾಗೆ ಬರೆದರೆ ಕೆಲವು ಕಾಲೇಜುಗಳಲ್ಲಿ ಇಂಗ್ಲಿಷ್ ಕಾಂಪೊಸಿಷನ್ ಮುಂತಾದ ಸಾಮಾನ್ಯ ವಿಷಯಗಳನ್ನೂ ಓದಬೇಕಾಗುತ್ತದೆ, 30 ಯೂನಿಟ್ 40 ದಾಟಬಹುದು. ಯಾವ ಏಜೆನ್ಸಿಯ ವರದಿ ಒಪ್ಪುತ್ತೀರಿ ಎಂದು ಕಾಲೇಜಿನ ಕೌನ್ಸೆಲರ್‌ಗೆ ಇಮೇಲ್ ಬರೆದು ಉತ್ತರ ಬಂದ ಮೇಲೆ ದುಡ್ಡು ಕಟ್ಟಿ.

ನಿವ್ವಳ

ಜೊತೆಗೆ ಈಗಿನ ವಕೀಲರಿಂದ ಅನುಭವ ಪತ್ರ ತಗೊಳ್ಳಿ, ‘ಕ್ಲರ್ಕ್’ ಅಂತ ಒಂದು ಸಾಲು ಬರೆಸಿ ಬರಬೇಡಿ. ಎಷ್ಟು ಕ್ರಯಪತ್ರದ ಕರಡು, ಎಷ್ಟು ಟೈಟಲ್ ಫೈಲು, ವಾರಕ್ಕೆ ಎಷ್ಟು ಗಂಟೆ, ಎಲ್ಲ ಇರಲಿ. ಅಲ್ಲಿನ ಕಲಂಗೆ ಅದು ಬೇಡದಿದ್ದರೂ ಸಂದರ್ಶನದಲ್ಲಿ ಎದುರಿಗೆ ಕೂತವರು ಮೊದಲು ನೋಡುವುದು ಅದನ್ನೇ.