ಅಪ್‌ಡೇಟ್: ಉದುರಿದ ಎಲೆ, ಪೈನ್ ಕಾಯಿಯ ಬಾಗಿಲ ಹಾರ ಆಯ್ತು!

ಫಾಲ್‌ಗೆ (ಎಲೆ ಉದುರುವ ಕಾಲಕ್ಕೆ) ಬಾಗಿಲ ಅಲಂಕಾರ ಕಡಿಮೆ ಖರ್ಚಿನಲ್ಲಿ ಮಾಡೋದು ಹೇಗೆ, ಮೇಪಲ್ ಎಲೆ ಮುದುಡದ ಹಾಗೆ ಇಡೋದು ಹೇಗೆ ಅಂತ ಕೇಳಿದ್ದೆ ಅಲ್ವಾ. ನ್ಯೂಜೆರ್ಸಿಯ ನಮ್ಮ ಮನೆ ಬಾಗಿಲಿಗೆ ಈಗ ಬಳೆಯಾಕಾರದ ಹಾರ ಬಂದಿದೆ. ಹೇಳಿಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಗ್ಲಿಸರಿನ್ ಉಪಾಯ ನಿಜಕ್ಕೂ ಚೆನ್ನಾಗಿದೆ. 1 ಪಾಲು ಗ್ಲಿಸರಿನ್‌ಗೆ 2 ಪಾಲು ನೀರು ಸೇರಿಸಿ, ತಟ್ಟೆಯಲ್ಲಿ ಎಲೆ ಹರಡಿ, ಮೇಲೆ ಭಾರ ಇಟ್ಟು ಕೆಲವು ದಿನ ಬಿಟ್ಟರೆ ಎಲೆ ಮೆತ್ತಗೆ, ಬಗ್ಗಿಸಿದರೂ ಮುರಿಯದ ಹಾಗೆ ಆಗುತ್ತದೆ. ಬಣ್ಣ ಸ್ವಲ್ಪ ಕಪ್ಪಾಗುತ್ತದೆ. ಕೆಂಪು ಹಾಗೇ ಉಳಿಯಬೇಕು ಅಂದರೆ ಕರಗಿಸಿದ ಜೇನುಮೇಣದಲ್ಲಿ ಅದ್ದಿ ತೆಗೆಯೋದೇ ವಾಸಿ.

ಪೈನ್ ಕಾಯಿ, ಓಕ್ ಬೀಜ ಎರಡನ್ನೂ ಓವನ್‌ನಲ್ಲಿ 200 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿಟ್ಟೆ. ಒಳಗಿನ ಹುಳ ಸಾಯುತ್ತವೆ. ಮುಚ್ಚಿದ್ದ ಕಾಯಿಯ ಪದರಗಳು ಒಂದೊಂದಾಗಿ ಬಿಚ್ಚಿಕೊಂಡು, ಅಂಟು ಕರಗಿ ಮೇಲೆಲ್ಲ ಹೊಳಪು ಬಂತು, ನೋಡೋಕೆ ಅಷ್ಟು ಚೆಂದ! ಟ್ರೇಗೆ ಫಾಯಿಲ್ ಹಾಕಿ, ಅಲ್ಲೇ ನಿಂತು ನೋಡಿಕೊಳ್ಳಿ.

ಎಲೆ, ಕಾಯಿ ಕಟ್ಟೋಕೆ ಹಾರದ ಬಳೆ ಸುತ್ತಿದ್ದು ಕಾಡು ದ್ರಾಕ್ಷಿ ಬಳ್ಳಿಯಲ್ಲಿ, ದುಡ್ಡು ಕೊಡೋದೇ ಬೇಡ. ಆದರೆ ಮರಕ್ಕೆ ಹಬ್ಬಿದ, ಕೂದಲಿನಂಥ ಬೇರಿರುವ ಬಳ್ಳಿಯನ್ನು ಮುಟ್ಟಲೇಬೇಡಿ. ಅದು ಪಾಯ್ಸನ್ ಐವಿ ಅನ್ನೋ ತುರಿಕೆ ಬಳ್ಳಿ ಇರಬಹುದು, ಒಣಗಿದ್ದರೂ ಮೈ ಕೆರೆಯುತ್ತದೆ.