ಸಹಾಯ ಬೇಕು: ಮಳೆಗಾಲದಲ್ಲಿ ನೀರೊಳಗಿನ ಛಾಯಾಗ್ರಹಣಕ್ಕೆ ಎಲ್ಲಿಗೆ ಹೋಗಬಹುದು?

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ಬಳಿಯ ಕಾಫಿ ಬೆಳೆಗಾರ. ಮಳೆಗಾಲದ ರಾತ್ರಿಗಳಲ್ಲಿ ಟಾರ್ಚ್ ಹಿಡಿದು ಕಪ್ಪೆಗಳ ಚಿತ್ರ ತೆಗೆಯುತ್ತಿದ್ದವನು, ಈಚೆಗೆ ಸ್ಕೂಬಾ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದು) ಕಲಿತು 18 ಮೀಟರ್ ಆಳದವರೆಗಿನ ಪ್ರಮಾಣಪತ್ರ ಪಡೆದಿದ್ದೇನೆ.

ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಬಳಿ ತೆಗೆದ ಮೊದಲ ಚಿತ್ರಗಳು ಕೈಕೊಟ್ಟವು. ಕೆಂಪು ಬಣ್ಣವನ್ನು ನೀರು ಮೊದಲ ಕೆಲವು ಮೀಟರ್‌ಗಳಲ್ಲೇ ಹೀರಿಬಿಡುವುದರಿಂದ ಮೀನುಗಳೆಲ್ಲ ಬೂದಿಬಣ್ಣವಾಗಿ ಕಂಡವು. ಕ್ಯಾಮೆರಾದಲ್ಲೇ ಇರುವ ಫ್ಲ್ಯಾಶ್ ಹಾಕಿದರೆ ತೇಲುವ ಕಣಗಳು ಬೆಳಗಿ, ಚಿತ್ರದ ತುಂಬ ಅಕ್ಕಿನುಚ್ಚು ಚೆಲ್ಲಿದಂತಾಯಿತು. ಬೆಳಕು ಪಕ್ಕದಿಂದ ಬೀಳಲಿ ಎಂದು ಈಗ ಉದ್ದ ತೋಳುಗಳಿರುವ ಎರಡು ಸ್ಟ್ರೋಬ್ (ಕ್ಯಾಮೆರಾದ ಹೊರಗೆ ಜೋಡಿಸುವ ಫ್ಲ್ಯಾಶ್) ಕೊಂಡಿದ್ದೇನೆ.

ತೊಡಕಿರುವುದು ಸಮಯದ್ದು. ನವೆಂಬರ್‌ನಿಂದ ಕೊಯ್ಲು, ಅದು ಮುಗಿಯುವಷ್ಟರಲ್ಲಿ ಕಾಫಿ ಹೂ ಅರಳಿಸುವ ಹೂಮಳೆಯ ಚಿಂತೆ. ಬಿಡುವು ಸಿಗುವುದು ಸೆಪ್ಟೆಂಬರ್‌ನಲ್ಲಿ ಮಾತ್ರ. ಆಗ ನಮ್ಮ ಕರಾವಳಿಯಲ್ಲೂ ಅಂಡಮಾನ್‌ನಲ್ಲೂ ಮುಂಗಾರು. ಮಾಲ್ಡೀವ್ಸ್‌ನ ಹನಿಫರು ಕೊಲ್ಲಿಯಲ್ಲಿ ಆ ತಿಂಗಳು ಮಂಟಾ ರೇ ಎಂಬ ದೊಡ್ಡ ಚಪ್ಪಟೆ ಮೀನುಗಳು ಪ್ಲ್ಯಾಂಕ್ಟನ್ (ನೀರಲ್ಲಿ ತೇಲುವ ಸೂಕ್ಷ್ಮಜೀವಿಗಳು) ತಿನ್ನಲು ಸೇರುತ್ತವೆಯಾದರೂ ಅಲ್ಲಿ ಸ್ಕೂಬಾಕ್ಕೆ ಅವಕಾಶವಿಲ್ಲ, ಸ್ನಾರ್ಕೆಲ್ (ಮೇಲ್ಮೈಯಲ್ಲಿ ತೇಲುತ್ತ ಕೊಳವೆಯಿಂದ ಉಸಿರಾಡುವುದು) ಮಾತ್ರ. ಇಂಡೋನೇಷ್ಯಾದ ಲೆಂಬೆ ಜಲಸಂಧಿಯ ಕಪ್ಪು ಮರಳಿನಲ್ಲಿ ಚಿಕ್ಕ ಜೀವಿಗಳೇ ಹೆಚ್ಚು, ಫ್ರಾಗ್‌ಫಿಶ್ ಸಹ ಇರುವುದರಿಂದ (ಹೆಸರಲ್ಲೇ ಕಪ್ಪೆಯಿದೆ!) ನನ್ನ ಮನಸ್ಸು ಅತ್ತ ವಾಲಿದೆ.

ಲೆಂಬೆಗೆ ಹೋಗಿಬಂದವರು ದಯವಿಟ್ಟು ತಿಳಿಸಿ: ಕಾಲು ತಾಗಿದರೆ ಹೂಳೇಳುವ ಆ ತಳದಲ್ಲಿ, ನೀರಲ್ಲಿ ಸ್ಥಿರವಾಗಿ ನಿಲ್ಲುವುದನ್ನು ಇನ್ನೂ ಕಲಿಯುತ್ತಿರುವವನು ಚಿತ್ರ ತೆಗೆಯಬಲ್ಲನೇ? ಚಿಕ್ಕ ಜೀವಿಗಳನ್ನು ಹತ್ತಿರದಿಂದ ತೆಗೆಯುವ 100 ಎಂ.ಎಂ. ಮ್ಯಾಕ್ರೋ ಲೆನ್ಸ್ ಒಂದೇ ಸಾಕೇ, 60 ಎಂ.ಎಂ. ಲೆನ್ಸ್ ಕೂಡ ಒಯ್ಯಬೇಕೇ?